ಎಸೆದು ನೋಡುವುದು, ಎಣಿಸಿ ಹೇಳುವುದು: ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಸಂಭವನೀಯತೆ

ಶಾಲೆಯ ಪಾಠಕ್ಕೆ ನೇರವಾಗಿ ಒದಗುವ ವಿಷಯವನ್ನೇ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಹಾಗಾಗಿ ಶಂಕರಘಟ್ಟದ ಈ ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣದಲ್ಲಿ ನಿಂತು ಸ್ನಾತಕೋತ್ತರ ಗಣಿತ ಹೇಳುವ ಬದಲು ಆರು, ಏಳು, ಎಂಟನೆಯ ತರಗತಿಯ ಒಂದು ಸಣ್ಣ ಪಾಠವನ್ನು ಎತ್ತಿಕೊಂಡಿದ್ದೇನೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವುದು ಕೆಲವೇ ಪುಟ, ವರ್ಷದಲ್ಲಿ ಸಿಗುವುದು ಕೆಲವೇ ಪೀರಿಯಡ್ಡು. ಸಂಭವನೀಯತೆಯ ಪಾಠ ಅದು.

ಅದು ನಡೆಯುವ ಬಗೆ ನಮಗೆಲ್ಲ ಗೊತ್ತು. ಮೇಷ್ಟ್ರು ಒಂದು ರೂಪಾಯಿ ನಾಣ್ಯ ತೋರಿಸುತ್ತಾರೆ. ಶಿರ, ಪುಚ್ಛ ಎಂದು ಎರಡೇ ಫಲಿತಗಳು. ಆದ್ದರಿಂದ ಶಿರ ಬೀಳುವ ಸಂಭವನೀಯತೆ 1/2 ಎಂದು ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ಒಬ್ಬ ಹುಡುಗಿಯನ್ನು ಕರೆದು ಹತ್ತು ಸಲ ಚಿಮ್ಮಿಸುತ್ತಾರೆ. ಏಳು ಸಲ ಶಿರ ಬೀಳುತ್ತದೆ. ತರಗತಿಯಲ್ಲಿ ಗುಜುಗುಜು ಏಳುತ್ತದೆ. "ಇನ್ನೂ ಜಾಸ್ತಿ ಸಲ ಹಾಕಿದ್ರೆ ಅರ್ಧಕ್ಕೆ ಬರುತ್ತೆ, ಕೂತ್ಕೊ" ಎಂದು ಮೇಷ್ಟ್ರು ಅಭ್ಯಾಸದ ಲೆಕ್ಕಗಳಿಗೆ ಹೋಗುತ್ತಾರೆ. ಪೀರಿಯಡ್ಡು ನಲವತ್ತು ನಿಮಿಷದ್ದು, ಮುಗಿಸಬೇಕಾದ ಪಾಠ ಬೇಕಾದಷ್ಟಿದೆ; ಅವರನ್ನು ದೂರುವಂತಿಲ್ಲ. ಆದರೆ ಆ ಹುಡುಗಿ ಏನು ಕಲಿತಳು? ಉತ್ತರ ಮೊದಲೇ ಹಲಗೆಯ ಮೇಲಿತ್ತು. ತನ್ನ ಕೈಯಿಂದ ಬಂದದ್ದು ಅದಕ್ಕೆ ಹೊಂದಲಿಲ್ಲ. ಹಾಗಾದರೆ ತಾನು ಚಿಮ್ಮಿದ್ದೇ ತಪ್ಪು. ಸೈದ್ಧಾಂತಿಕ ಸಂಭವನೀಯತೆ ಎಂದರೆ ಸರಿಯುತ್ತರ, ಪ್ರಾಯೋಗಿಕ ಸಂಭವನೀಯತೆ ಎಂದರೆ ಆ ಉತ್ತರಕ್ಕೆ ಮುಟ್ಟಲಾಗದ ಒದ್ದಾಟ ಎಂಬ ಭಾವನೆ ಅವಳಲ್ಲಿ ಕೂತುಬಿಡುತ್ತದೆ. ಪರೀಕ್ಷೆಯಲ್ಲಿ ಅವಳು ಅಂಕ ತೆಗೆಯುತ್ತಾಳೆ, ಆದರೆ ಮುಂದೆಂದೂ ಯಾವುದನ್ನೂ ಎಸೆದು ನೋಡುವುದಿಲ್ಲ.

ಒಂದು ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ನ್ಯಾಯವಾದ ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಒಟ್ಟು 1024 ಬಗೆಯ ಸಾಲುಗಳು ಬರಬಹುದು. ಅವುಗಳಲ್ಲಿ ಸರಿಯಾಗಿ ಐದು ಶಿರ ಇರುವುದು 252ರಲ್ಲಿ. ಅಂದರೆ ಹತ್ತರಲ್ಲಿ ಐದು ಬೀಳುವುದು ಹೆಚ್ಚುಕಡಿಮೆ ನಾಲ್ಕು ಸಲಕ್ಕೆ ಒಮ್ಮೆ. ಏಳು–ಮೂರು ಅಥವಾ ಅದಕ್ಕಿಂತ ಹೆಚ್ಚು ಓರೆಯಾಗುವ ಸಾಲುಗಳು 352, ಅಂದರೆ ಮೂರರಲ್ಲಿ ಒಂದು ಪಾಲಿಗೂ ಸ್ವಲ್ಪ ಹೆಚ್ಚು. ಮೂವತ್ತು ಮಕ್ಕಳು ಹತ್ತತ್ತು ಸಲ ಚಿಮ್ಮಿದರೆ ಸುಮಾರು ಹತ್ತು ಮಕ್ಕಳಿಗೆ ಇಂಥ ಓರೆ ಫಲ ಬರುವುದೇ ಸಹಜ. ಆ ಹುಡುಗಿಯ ಪ್ರಯೋಗದಲ್ಲಿ ಏನೂ ತಪ್ಪಿರಲಿಲ್ಲ. ಅವಳನ್ನು ಕೂರಿಸಿದ್ದಷ್ಟೇ ತಪ್ಪು.

ನಾನು ಕೇಳಿಕೊಳ್ಳುವುದು ಇಷ್ಟು: ಈ ಪಾಠದ ಕ್ರಮವನ್ನು ತಿರುಗಿಸೋಣ. ನಾಣ್ಯದಿಂದ ಶುರುಮಾಡುವುದು ಬೇಡ. ಎರಡೂ ಬದಿ ಒಂದೇ ಥರ ಇರುವ ವಸ್ತು ಸಿಕ್ಕಿದ ಕೂಡಲೇ ಮಗು ಅರ್ಧ ಎಂದುಬಿಡುತ್ತದೆ. ಎಸೆಯುವ ಅಗತ್ಯವೇ ಅದಕ್ಕೆ ಕಾಣುವುದಿಲ್ಲ. ಬದಿಗಳು ಬೇರೆಬೇರೆಯಾದ, ನೋಡಿ ಹೇಳಲಾಗದ, ಎಸೆದೇ ತಿಳಿಯಬೇಕಾದ ವಸ್ತು ಬೇಕು. ಅಂಥದ್ದು ನಮ್ಮ ಮನೆಗಳಲ್ಲಿ ಚೌಕಾಬಾರದ ಡಬ್ಬಿಯೊಳಗಿದೆ.

ಚೌಕಾಬಾರ ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ಆಟವಲ್ಲ. ಐದು ಅಡ್ಡ, ಐದು ಉದ್ದ, ಇಪ್ಪತ್ತೈದು ಮನೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು, ದೇವಸ್ಥಾನದ ಕಲ್ಲುಹಾಸಿನ ಮೇಲೆ ಯಾರೋ ಎಂದೋ ಕೊರೆದದ್ದಾದರೂ ಆಯಿತು. ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಚೆಲ್ಲುತ್ತೇವೆ. ಬಾಯಿ ಮೇಲಾಗಿ ಅಂಗಾತ ಬಿದ್ದವು ಎಷ್ಟೋ ಅಷ್ಟು ಗರ: ಒಂದು, ಎರಡು, ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಕಾಡೆ ಬಿದ್ದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಹಾಕುವ ಅವಕಾಶ ಸಿಗುತ್ತದೆ. ಕವಡೆ ಇಲ್ಲದವರು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಹೋಳು ಮಾಡಿ, ಒಂದು ಬದಿ ಬಿಳಿ, ಇನ್ನೊಂದು ಬದಿ ಕಂದು ಇರುವ ನಾಲ್ಕು ಚೂರಿನಲ್ಲಿ ಆಡುತ್ತಾರೆ. ಇಂಥ ಆಟಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದ್ದ ಪ್ರೀತಿ ದೊಡ್ಡದು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಅರಮನೆಯಿಂದ ಜಗಲಿಯವರೆಗೆ ಹರಡಿದ್ದ ಈ ವಿದ್ಯೆ ಗಣಿತದ ತರಗತಿಯ ಬಾಗಿಲು ಮಾತ್ರ ದಾಟಲಿಲ್ಲ.

ತರಗತಿಯಲ್ಲಿ ಮೊದಲ ದಿನ ಒಂದೇ ಒಂದು ಕವಡೆ ಸಾಕು. ಇದು ಹೆಚ್ಚು ಸಲ ಅಂಗಾತ ಬೀಳುತ್ತದೋ ಮಕಾಡೆಯೋ ಎಂದು ಕೇಳಿ. ನಾಣ್ಯದ ಬಗ್ಗೆ ಒಂದೇ ದನಿಯಲ್ಲಿ ಉತ್ತರ ಹೇಳುವ ತರಗತಿ ಇಲ್ಲಿ ಎರಡು ಪಕ್ಷವಾಗುತ್ತದೆ. ಬೆನ್ನು ಉಬ್ಬಿದೆ, ಅದರ ಮೇಲೆ ನಿಲ್ಲುವುದಿಲ್ಲ, ಉರುಳಿ ಮಕಾಡೆಯಾಗುತ್ತದೆ ಎನ್ನುವವರು ಕೆಲವರು. ಬೆನ್ನೇ ಭಾರ, ಭಾರದ ಬದಿ ಕೆಳಗಾಗುತ್ತದೆ ಎನ್ನುವವರು ಕೆಲವರು. ಎರಡೂ ಒಳ್ಳೆಯ ತರ್ಕವೇ. ಆದರೆ ತರ್ಕದಿಂದ ಈ ವಾದ ತೀರುವುದಿಲ್ಲ, ಸೂತ್ರ ಯಾವ ಪುಸ್ತಕದಲ್ಲೂ ಇಲ್ಲ, ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲ. ಮಕ್ಕಳು ಆ ಮೂರನೆಯ ಸಂಗತಿಯನ್ನು ಬಹುಬೇಗ ಗುರುತಿಸುತ್ತಾರೆ, ಅಲ್ಲಿಂದ ತರಗತಿಯ ಹವಾ ಬೇರೆಯಾಗುತ್ತದೆ. ಈಗ ಎಸೆಯಲೇಬೇಕು. ಎಸೆದದ್ದಕ್ಕೆ ಗೀಟು ಹಾಕಲೇಬೇಕು. ಪ್ರಯೋಗ ಉತ್ತರವನ್ನು ಒಪ್ಪಿಸುವ ಕಸರತ್ತಾಗಿ ಉಳಿಯದೆ ಉತ್ತರ ಹುಡುಕುವ ಏಕೈಕ ದಾರಿಯಾಗುತ್ತದೆ.

ಇಲ್ಲಿ ಭಿನ್ನರಾಶಿಗೆ ಕೊನೆಗೂ ಒಂದು ಉದ್ಯೋಗ ಸಿಗುತ್ತದೆ. ಒಂದು ಗುಂಪಿಗೆ 20ರಲ್ಲಿ 9, ಇನ್ನೊಂದಕ್ಕೆ 50ರಲ್ಲಿ 21 ಸಲ ಅಂಗಾತ ಬಂತು ಎಂದುಕೊಳ್ಳಿ. ಯಾರದ್ದು ಹೆಚ್ಚು? 9/20ನ್ನೂ 21/50ನ್ನೂ ಹೋಲಿಸಬೇಕಾದರೆ ಶೇಕಡಾಕ್ಕೆ ತರಬೇಕು. ಐದನೆಯ ತರಗತಿಯಿಂದ ಕಾರಣ ಗೊತ್ತಿಲ್ಲದೆ ಮಾಡಿಕೊಂಡು ಬಂದ ಕೆಲಸಕ್ಕೆ ಈಗ ಕಾರಣವಿದೆ. ಎಲ್ಲ ಗುಂಪಿನ ಎಣಿಕೆಯನ್ನೂ ಸೇರಿಸಿದರೆ ಏನಾಗುತ್ತದೆ ಎಂದು ಕೇಳುವ ಮಗು ಬಂದೇ ಬರುತ್ತದೆ. ಸರಾಸರಿಗಳ ಸರಾಸರಿ ತೆಗೆಯಬೇಕೋ, ಒಟ್ಟು ಬಿದ್ದದ್ದನ್ನು ಒಟ್ಟು ಎಸೆದದ್ದರಿಂದ ಭಾಗಿಸಬೇಕೋ ಎಂಬ ಚರ್ಚೆಗೆ ಒಂದು ಪೀರಿಯಡ್ಡು ಪೂರ್ತಿ ಕೊಡಬಹುದು, ಕೊಡಬೇಕು.

ಎರಡನೆಯ ದಿನ ನಾಲ್ಕು ಕವಡೆ. ಈಗ ಸಿದ್ಧಾಂತ ಬರಲಿ. ಅಂಗಾತ, ಮಕಾಡೆ ಎರಡೂ ಸಮ ಎಂದು ಸದ್ಯಕ್ಕೆ ಇಟ್ಟುಕೊಂಡು ಎಲ್ಲ ಬಗೆಗಳನ್ನೂ ಬರೆಯೋಣ ಎನ್ನಿ. ಒಂದೊಂದು ಕವಡೆಗೆ ಎರಡು, ನಾಲ್ಕಕ್ಕೆ ಹದಿನಾರು ಬಗೆ. ಎಂಟು ಬೀಳುವುದು ಒಂದು ಬಗೆಯಲ್ಲಿ, ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರರಲ್ಲಿ, ಮೂರು ನಾಲ್ಕರಲ್ಲಿ, ನಾಲ್ಕು ಮತ್ತೆ ಒಂದರಲ್ಲಿ. 1, 4, 6, 4, 1.

ಈ ಸಾಲನ್ನು ಗುರುತಿಸಬೇಕಾದವರು ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿರುವ ಕನ್ನಡ ಮೇಷ್ಟ್ರು. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿ ಗಣ ವಿಂಗಡಿಸುತ್ತೇವಲ್ಲ, ಅಲ್ಲಿ ಮೂರು ಅಕ್ಷರಕ್ಕೆ ಎಂಟೇ ಗಣ ಏಕೆ ಎಂದು ಯಾರಾದರೂ ಕೇಳಿದ್ದುಂಟೆ? ಪ್ರತಿ ಅಕ್ಷರವೂ ಲಘುವೋ ಗುರುವೋ ಆಗಬೇಕು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಗುರುವೇ ಇಲ್ಲದ್ದು ನಗಣ ಒಂದು. ಒಂದು ಗುರು ಇರುವವು ಜ, ಭ, ಸ ಮೂರು. ಎರಡು ಗುರು ಇರುವವು ಯ, ರ, ತ ಮೂರು. ಎಲ್ಲವೂ ಗುರುವಾದದ್ದು ಮಗಣ ಒಂದು. 1, 3, 3, 1. ನಾಲ್ಕು ಅಕ್ಷರಕ್ಕೆ ಹೋದರೆ ಅದೇ 1, 4, 6, 4, 1. ಪಿಂಗಳನ ಛಂದಃಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನೇ ಮೇರುಪ್ರಸ್ತಾರವೆಂದು ವಿವರಿಸಿದ. ಅವನಿಗೂ ಒಂದು ಶತಮಾನ ಮೊದಲೇ, ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆಯಬಹುದು ಎಂಬುದಕ್ಕೆ ಸಾಮಾನ್ಯ ನಿಯಮವನ್ನೇ ಕೊಟ್ಟ. ಯುರೋಪಿನಲ್ಲಿ ಪ್ಯಾಸ್ಕಲ್ ತನ್ನ ತ್ರಿಕೋನದ ಬಗ್ಗೆ ಬರೆದದ್ದು 1654ರಲ್ಲಿ. ನಾವು ಮೊದಲಿಗರು ಎಂದು ಬೀಗಲು ಈ ಮಾತು ಹೇಳುತ್ತಿಲ್ಲ. ಗಣಿತದ ಈ ತುಂಡು ಕನ್ನಡ ಪಾಠದೊಳಗೆ ಮಕ್ಕಳ ಕೈಯಲ್ಲಿ ಈಗಾಗಲೇ ಇದೆ, ಇಬ್ಬರು ಮೇಷ್ಟ್ರು ಒಂದು ದಿನ ಕೂತು ಮಾತಾಡಿದರೆ ಅದು ಒಟ್ಟಾಗುತ್ತದೆ ಎಂದು ಹೇಳುತ್ತಿದ್ದೇನೆ.

ಈಗ ಸಿದ್ಧಾಂತವನ್ನೂ ಎಣಿಕೆಯನ್ನೂ ಪಕ್ಕಪಕ್ಕ ಇಡಿ. ಸಮ ಎಂದುಕೊಂಡರೆ ನಾಲ್ಕೂ ಎಂಟೂ ಒಂದೇ ಪ್ರಮಾಣದಲ್ಲಿ, ಹದಿನಾರಕ್ಕೆ ಒಂದರಂತೆ ಬೀಳಬೇಕು. ಮಕ್ಕಳ ಗೀಟುಗಳು ಬೇರೆ ಮಾತು ಹೇಳಿದರೆ? ಆಗ ನಾವು ಇಟ್ಟುಕೊಂಡ ಸಮ ಎಂಬ ಊಹೆಯನ್ನೇ ಪ್ರಶ್ನಿಸಬೇಕು. ಒಂದು ಕವಡೆ ಹತ್ತಕ್ಕೆ ನಾಲ್ಕು ಸಲ ಅಂಗಾತ, ಆರು ಸಲ ಮಕಾಡೆ ಬೀಳುತ್ತದೆ ಎಂದು ಇಟ್ಟುಕೊಳ್ಳಿ. ನಾಲ್ಕೂ ಮಕಾಡೆಯಾಗುವುದಕ್ಕೆ ಆರನ್ನು ನಾಲ್ಕು ಸಲ ಗುಣಿಸಿ: 1296. ನಾಲ್ಕೂ ಅಂಗಾತವಾಗುವುದಕ್ಕೆ ನಾಲ್ಕನ್ನು ನಾಲ್ಕು ಸಲ ಗುಣಿಸಿ: 256. ಹತ್ತು ಸಾವಿರ ಎಸೆತಕ್ಕೆ ಸರಾಸರಿ 1296 ಬಾರ, 256 ಚೌಕ, ಅಂದರೆ ಐದು ಪಟ್ಟು. ಅದೇ ರೀತಿ ಮೂರು 1536, ಒಂದು 3456, ಎರಡೂ 3456. ಕೂಡಿಸಿದರೆ ಸರಿಯಾಗಿ ಹತ್ತು ಸಾವಿರ. ಇದರಲ್ಲಿ ಗುಣಾಕಾರ ಬಿಟ್ಟು ಬೇರೇನೂ ಇಲ್ಲ. ಎಂಟನೆಯ ತರಗತಿಗೆ ಕಷ್ಟವಾಗದು. ಆಟದಲ್ಲಿ ಒಂದೂ ಎರಡೂ ಸರಿಸಮ ಬೀಳುತ್ತಿವೆ ಎಂದು ಕಂಡರೆ, ಕವಡೆ ಹತ್ತಕ್ಕೆ ನಾಲ್ಕರ ಆಸುಪಾಸಿನದು ಎಂದು ಮಗು ತಿರುಗಿ ಊಹಿಸಬಹುದು. ಮೊದಲ ದಿನದ ಒಂಟಿ ಕವಡೆಯ ಎಣಿಕೆ ಸಿದ್ಧಾಂತಕ್ಕೆ ಬೇಕಾದ ಸಂಖ್ಯೆಯನ್ನು ಕೊಟ್ಟಿತು. ಸಿದ್ಧಾಂತ ಆ ಸಂಖ್ಯೆಯಿಂದ ಐದು ಗರಗಳ ಭವಿಷ್ಯ ಹೇಳಿತು. ಎರಡನೆಯ ದಿನದ ಎಣಿಕೆ ಆ ಭವಿಷ್ಯವನ್ನು ಒರೆಗೆ ಹಚ್ಚಿತು. ಪ್ರಾಯೋಗಿಕ, ಸೈದ್ಧಾಂತಿಕ ಎಂಬ ಎರಡು ಪದಗಳ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪಾಠ ನನಗೆ ಗೊತ್ತಿಲ್ಲ.

ನಾಣ್ಯ, ದಾಳಗಳ ಅರ್ಧ, ಆರನೇ ಒಂದು ಕೂಡ ಇಂಥ ಊಹೆಗಳೇ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ವೆಲ್ಡನ್ 1894ರಲ್ಲಿ ಹನ್ನೆರಡು ದಾಳಗಳನ್ನು ಒಟ್ಟಿಗೆ 26,306 ಸಲ ಎಸೆದ ಲೆಕ್ಕ ಇಟ್ಟ. ಐದು ಅಥವಾ ಆರು ಬಿದ್ದ ಪ್ರಮಾಣ ಮೂರನೇ ಒಂದು, ಅಂದರೆ 0.3333 ಆಗಬೇಕಿತ್ತು, ಆದದ್ದು 0.3377. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ, ಆದರೆ ಅಷ್ಟು ಎಸೆತಗಳಲ್ಲಿ ಅದು ಆಕಸ್ಮಿಕವಾಗಿ ಬರುವಂಥದ್ದಲ್ಲ. ಗುಳಿ ಕೊರೆದು ಚುಕ್ಕಿ ಮಾಡಿದ ದಾಳದಲ್ಲಿ ಹೆಚ್ಚು ಚುಕ್ಕಿಯ ಮುಖ ಹಗುರ. ಕಾರ್ಲ್ ಪಿಯರ್ಸನ್ 1900ರಲ್ಲಿ ತನ್ನ ಹೆಸರಾಂತ ಪರೀಕ್ಷಾ ವಿಧಾನವನ್ನು ಪ್ರಕಟಿಸಿದಾಗ ಇದೇ ಅಂಕಿಗಳನ್ನು ಬಳಸಿಕೊಂಡ. 2023ರಲ್ಲಿ ಸಂಶೋಧಕರ ಒಂದು ತಂಡ 3,50,757 ಸಲ ನಾಣ್ಯ ಚಿಮ್ಮಿ ಎಣಿಸಿತು. ಚಿಮ್ಮುವಾಗ ಮೇಲಿದ್ದ ಬದಿಯೇ ಬಿದ್ದ ಮೇಲೂ ಮೇಲಿರುವುದು ನೂರಕ್ಕೆ 50.8ರಷ್ಟು ಎಂದು ಕಂಡಿತು.

ಎಣಿಸಿ ಹೇಳುವುದೂ ಅಷ್ಟು ಸುಲಭವಲ್ಲ. ಎರಡು ನಾಣ್ಯ ಚಿಮ್ಮಿದರೆ ಎರಡೂ ಶಿರ, ಎರಡೂ ಪುಚ್ಛ, ಒಂದೊಂದು ಎಂದು ಮೂರೇ ಸಾಧ್ಯತೆ, ಆದ್ದರಿಂದ ಪ್ರತಿಯೊಂದೂ 1/3 ಎಂದು ಹೇಳುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ದಡ್ಡರೆನ್ನಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶದ ಲೇಖನದಲ್ಲಿ ಇದೇ ಜಾತಿಯ ಎಡವಟ್ಟು ಮಾಡಿ, ಎರಡು ಎಸೆತದಲ್ಲಿ ಒಮ್ಮೆಯಾದರೂ ಶಿರ ಬೀಳುವುದು 3/4 ಎನ್ನುವ ಕಡೆ 2/3 ಎಂದು ವಾದಿಸಿದ. ಮಗುವಿನ ಈ ನಂಬಿಕೆಯನ್ನು ಮಾತಿನಿಂದ ಅಲ್ಲಾಡಿಸುವುದು ಕಷ್ಟ. ತರಗತಿಯೆಲ್ಲ ಎರಡೆರಡು ನಾಣ್ಯ ಚಿಮ್ಮಿ ಗೀಟು ಹಾಕಿದರೆ ಒಂದೊಂದು ಎಂಬ ಕಂಬ ಉಳಿದೆರಡರ ಎರಡರಷ್ಟು ಎತ್ತರ ಏರುತ್ತದೆ. ಮಗು ಏಕೆ ಎಂದು ತಾನೇ ಕೇಳುತ್ತದೆ. ಒಂದು ರೂಪಾಯಿಯದನ್ನೂ ಐದು ರೂಪಾಯಿಯದನ್ನೂ ಒಟ್ಟಿಗೆ ಕೊಡಿ. ಒಂದರ ಶಿರ ಐದರ ಪುಚ್ಛ, ಒಂದರ ಪುಚ್ಛ ಐದರ ಶಿರ ಬೇರೆಬೇರೆ ಎಂಬುದು ಕಣ್ಣಿಗೇ ಬೀಳುತ್ತದೆ. ಇಲ್ಲಿ ಪ್ರಯೋಗ ಸಿದ್ಧಾಂತದ ತಪ್ಪನ್ನು ತಿದ್ದಿತು.

ಸಿದ್ಧಾಂತ ಹೇಳಿದವನ ಮಾತನ್ನು ಎಣಿಸಿಯೇ ನಂಬುವ ಗುಣ ನಮ್ಮ ಕಥೆಗಳಲ್ಲೂ ಇದೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆಲ್ಲ ಪರಿಚಿತನಾದ ನಳ, ಮಹಾಭಾರತದ ವನಪರ್ವದಲ್ಲಿ ಋತುಪರ್ಣ ರಾಜನ ಸಾರಥಿಯಾಗಿ ಹೋಗುತ್ತಿರುತ್ತಾನೆ. ದಾರಿಯಲ್ಲಿ ಒಂದು ವಿಭೀತಕದ ಮರ. ಅದರ ಎರಡು ಕೊಂಬೆಗಳಲ್ಲಿ ಇಷ್ಟು ಎಲೆ, 2095 ಕಾಯಿ ಎಂದು ಋತುಪರ್ಣ ನೋಡಿದಷ್ಟಕ್ಕೇ ಹೇಳುತ್ತಾನೆ. ನಳ ರಥ ನಿಲ್ಲಿಸುತ್ತಾನೆ. ಎಣಿಸದೆ ಒಪ್ಪುವುದಿಲ್ಲ. ರಾಜ ಹೊತ್ತಾಯಿತೆಂದು ಅವಸರಪಡಿಸಿದರೂ ಬಿಡದೆ ಮರ ಕಡಿದು ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಮೇಲೆಯೇ ತನ್ನ ಕುದುರೆಯ ವಿದ್ಯೆಯಾದ ಅಶ್ವಹೃದಯಕ್ಕೆ ಬದಲಾಗಿ ರಾಜನಿಂದ ದಾಳದ ವಿದ್ಯೆಯಾದ ಅಕ್ಷಹೃದಯವನ್ನು ಪಡೆಯುತ್ತಾನೆ. ದಾಳದ ವಿದ್ಯೆ ಬಲ್ಲವನಿಗೆ ಸಂಖ್ಯಾನವೂ ಗೊತ್ತಿತ್ತು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಸಂಭವನೀಯತೆಯ ಇತಿಹಾಸ ಬರೆದ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಎತ್ತಿಕೊಂಡಿದ್ದಾರೆ. ವಿಭೀತಕವೆಂದರೆ ನಮ್ಮ ತಾರೆ ಮರ. ವೇದಕಾಲದ ಜೂಜಿಗೆ ಅದರ ಕಾಯಿಗಳೇ ದಾಳ. ಲಕ್ಕವಳ್ಳಿ ಕಡೆಯ ಕಾಡಿನಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಕ್ಕಳಿಗೆ ಕಥೆ ಹೇಳಿ, ಒಂದು ಟೊಂಗೆಯ ಕಾಯಿ ಎಣಿಸಿ ಮರದ ಕಾಯಿ ಅಂದಾಜು ಮಾಡಿ ಎನ್ನಿ. ಮರ ಕಡಿಯುವುದು ಮಾತ್ರ ಬೇಡ.

ದಾಳ ಎಂದ ಕೂಡಲೇ ಪೋಷಕರಿಂದ ಬರುವ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಶಾಲೆಯಲ್ಲಿ ಜೂಜು ಕಲಿಸುತ್ತೀರಾ ಎಂದು ಕೇಳುತ್ತಾರೆ. ಧರ್ಮರಾಯನ ಕಥೆ ಕೇಳಿ ಬೆಳೆದ ಸಮಾಜದಲ್ಲಿ ಅದು ನ್ಯಾಯವಾದ ಪ್ರಶ್ನೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಅದರಿಂದ ಹಾಳಾದ ಮನೆಗಳು ಎಲ್ಲ ಊರಲ್ಲೂ ಇದ್ದವು. ಓಸಿ, ಮಟ್ಕಾ ಇನ್ನೂ ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಬರುತ್ತಲೇ ಇದೆ. ನನ್ನ ಉತ್ತರ ಇದು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಸಂಖ್ಯೆಗಳಲ್ಲಿ ಒಂದಕ್ಕೆ ಕಟ್ಟಿದ ರೂಪಾಯಿಗೆ ಗೆದ್ದರೆ ಎಂಬತ್ತು ಕೊಡುತ್ತಾರೆ ಎಂದುಕೊಳ್ಳಿ. ಮೋಸವೇ ಇಲ್ಲದೆ ನಡೆದರೂ ಕಟ್ಟಿದ ನೂರು ರೂಪಾಯಿಗೆ ಸರಾಸರಿ ವಾಪಸು ಬರುವುದು ಎಂಬತ್ತು. ಎಂಟನೆಯ ತರಗತಿಯ ಮಗು ಈ ಲೆಕ್ಕವನ್ನು ತಾನೇ ಮಾಡಬಲ್ಲದು. ನೂರು ಚೀಟಿ ಬರೆದು ಡಬ್ಬಿಗೆ ಹಾಕಿ, ಬೀಜ ಪಣವಿಟ್ಟು ಒಂದು ವಾರ ಎತ್ತಿ ನೋಡಬಲ್ಲದು. ಮೊದಲೆರಡು ದಿನ ಯಾರಿಗೋ ಎಂಬತ್ತು ಬೀಜ ಬಂದು ಕೂಗು ಏಳುತ್ತದೆ. ವಾರದ ಕೊನೆಗೆ ಬೀಜವೆಲ್ಲ ಡಬ್ಬಿ ಹಿಡಿದವನ ಬಳಿ ಸೇರುತ್ತಿರುವುದು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಉಪದೇಶ ಕೇಳಿದ ಮಗುವಿಗಿಂತ ಈ ಪುಸ್ತಕ ಬರೆದ ಮಗುವಿನ ಮೇಲೆ ನನಗೆ ಹೆಚ್ಚು ಭರವಸೆ.

ಹೆಚ್ಚು ಸಲ ಎಸೆದರೆ ಅರ್ಧಕ್ಕೆ ಬರುತ್ತದೆ ಎಂಬ ಮಾತನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ಮಕ್ಕಳು ಅದನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ. ಯಾಕೋಬ್ ಬರ್ನೂಲಿಯ ಪ್ರಮೇಯ, ಅವನು ತೀರಿಕೊಂಡ ಮೇಲೆ 1713ರಲ್ಲಿ ಅಚ್ಚಾದದ್ದು, ಹೇಳುವುದು ಪ್ರಮಾಣದ ಬಗ್ಗೆ. ಹೆಚ್ಚುವರಿ ಶಿರಗಳು ಕರಗಿ ಹೋಗುತ್ತವೆ ಎಂದು ಅದು ಹೇಳುವುದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಜಾನ್ ಕೆರಿಚ್ ಅವರ ಎಣಿಕೆ. ದಕ್ಷಿಣ ಆಫ್ರಿಕಾದಲ್ಲಿ ಗಣಿತ ಪಾಠ ಮಾಡುತ್ತಿದ್ದ ಅವರು 1940ರಲ್ಲಿ ಡೆನ್ಮಾರ್ಕಿನಲ್ಲಿದ್ದಾಗ ಜರ್ಮನ್ ಸೇನೆ ಆ ದೇಶವನ್ನು ಹಿಡಿಯಿತು. ಯುದ್ಧ ಮುಗಿಯುವವರೆಗೆ ಅವರು ಬಂಧನಶಿಬಿರದಲ್ಲಿ ಉಳಿಯಬೇಕಾಯಿತು. ಅಲ್ಲಿ ಹತ್ತು ಸಾವಿರ ಸಲ ನಾಣ್ಯ ಚಿಮ್ಮಿ ಬರೆದಿಟ್ಟರು. ಮೊದಲ ಹತ್ತರಲ್ಲಿ ಶಿರ 4, ನೂರಕ್ಕೆ 44, ಸಾವಿರಕ್ಕೆ 502, ಹತ್ತು ಸಾವಿರಕ್ಕೆ 5067. ಪ್ರಮಾಣ ನೋಡಿ: 0.4, 0.44, 0.502, 0.5067. ಅರ್ಧದ ಹತ್ತಿರ ಸುಳಿಯುತ್ತಿದೆ. ಈಗ ಅರ್ಧಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂದು ನೋಡಿ: ಒಂದು ಕಡಿಮೆ, ಆರು ಕಡಿಮೆ, ಎರಡು ಹೆಚ್ಚು, 67 ಹೆಚ್ಚು. ಅಂತರ ಬೆಳೆದಿದೆ, ಅದು ಬೆಳೆದದ್ದಕ್ಕಿಂತ ಎಸೆತಗಳ ಸಂಖ್ಯೆ ಬಹಳ ವೇಗವಾಗಿ ಬೆಳೆದದ್ದರಿಂದ ಪ್ರಮಾಣದಲ್ಲಿ ಅದು ಸಣ್ಣದಾಗಿ ಕಾಣುತ್ತದೆ. ನಾಣ್ಯ ಹಿಂದಿನ ಸಾಲ ತೀರಿಸುವುದಿಲ್ಲ. ಹತ್ತನೆಯ ತರಗತಿಯ ಹಳೆಯ ಪುಸ್ತಕದಲ್ಲಿ ಕೆರಿಚ್ ಅವರ ಹೆಸರಿತ್ತು, ಕೊನೆಯ ಅಂಕಿಯೂ ಇತ್ತು. ನಡುವಿನ ಅಂಕಿಗಳಲ್ಲೇ ಪಾಠ ಅಡಗಿದೆ, ಅವನ್ನೂ ಮಕ್ಕಳ ಮುಂದಿಡಿ.

ಇನ್ನೊಂದು ಚಟುವಟಿಕೆಯನ್ನು ಹಂಗೇರಿಯ ಗಣಿತ ಶಿಕ್ಷಣತಜ್ಞ ತಮಾಶ್ ವರ್ಗಾ ಅವರ ಹೆಸರಿನೊಂದಿಗೆ ಹೇಳುವುದುಂಟು. ಅರ್ಧ ತರಗತಿ ನಿಜವಾಗಿ ಇನ್ನೂರು ಸಲ ಚಿಮ್ಮಿ ಬರೆಯಬೇಕು, ಇನ್ನರ್ಧ ಚಿಮ್ಮದೆ ಮನಸ್ಸಿನಿಂದಲೇ ಇನ್ನೂರು ಶಿರ, ಪುಚ್ಛ ಬರೆಯಬೇಕು. ಹಾಳೆಗಳನ್ನು ಕಲಸಿ ಕೊಟ್ಟರೆ ಮೇಷ್ಟ್ರು ಬಹುತೇಕ ಸರಿಯಾಗಿ ಬೇರ್ಪಡಿಸುತ್ತಾರೆ. ಗುಟ್ಟು ಇಷ್ಟೇ: ನಿಜವಾದ ಇನ್ನೂರು ಎಸೆತದಲ್ಲಿ ಒಂದೇ ಬದಿ ಸತತವಾಗಿ ಆರು ಸಲ ಬೀಳುವ ಸಂಭವ ನೂರಕ್ಕೆ 95ಕ್ಕೂ ಹೆಚ್ಚು. ಮನಸ್ಸಿನಿಂದ ಬರೆಯುವವರು ನಾಲ್ಕು ಶಿರ ಬರೆಯುವಷ್ಟರಲ್ಲಿ ಹೆದರಿ ಪುಚ್ಛಕ್ಕೆ ತಿರುಗುತ್ತಾರೆ. ಈ ಆಟ ಆಡಿದ ಮೇಲೆ ಮಕ್ಕಳು ಮೇಷ್ಟ್ರ ಗುಟ್ಟನ್ನು ತಾವೇ ಕಂಡುಹಿಡಿಯುವವರೆಗೆ ಬಿಡುವುದಿಲ್ಲ.

ಹೊರಗಿನ ಲೋಕಕ್ಕೆ ಬರೋಣ. ಇಲ್ಲಿಂದ ಕೂಗಳತೆಯ ದೂರದಲ್ಲಿ ಭದ್ರಾ ಜಲಾಶಯವಿದೆ. ಮಳೆಗಾಲದಲ್ಲಿ ಅದರ ನೀರಿನ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಗರಿಷ್ಠ 186 ಅಡಿ ಎಂಬುದು ಈ ಕಡೆಯ ಮಕ್ಕಳಿಗೂ ಬಾಯಿಪಾಠ. ಜುಲೈ ಹೊತ್ತಿಗೆ ಚಹಾ ಅಂಗಡಿಯಲ್ಲೂ ಒಂದೇ ಪ್ರಶ್ನೆ: ಈ ಸಲ ತುಂಬುತ್ತಾ? ಇದಕ್ಕೆ ತುಂಬುವುದು, ತುಂಬದಿರುವುದು ಎರಡೇ ಫಲಿತ, ಆದ್ದರಿಂದ ಅರ್ಧ ಎನ್ನುವವರಿಲ್ಲ. ಹಿಂದಿನ ವರ್ಷಗಳ ಲೆಕ್ಕ ತೆಗೆಯಬೇಕು. ಆದರೆ ಇಲ್ಲಿ ಕವಡೆಗಿಂತ ಸೂಕ್ಷ್ಮವಾದ ಸಂಗತಿ ಇದೆ. ಕವಡೆಗೆ ನೆನಪಿಲ್ಲ, ಜಲಾಶಯಕ್ಕೆ ಇದೆ. ಕಳೆದ ವರ್ಷ ಉಳಿದ ನೀರು ಈ ವರ್ಷದ ಮೊದಲ ದಿನದ ಮಟ್ಟವಾಗಿ ನಿಂತಿರುತ್ತದೆ. ಹಾಗಾಗಿ ಎಲ್ಲ ವರ್ಷಗಳನ್ನೂ ಒಂದೇ ರಾಶಿಗೆ ಹಾಕದೆ, ಜೂನ್ ಒಂದರಂದು ಮಟ್ಟ ಎಷ್ಟಿತ್ತು ಎಂದು ನೋಡಿ ವರ್ಷಗಳನ್ನು ಗುಂಪು ಮಾಡಬೇಕು. ಯಾವ ಪ್ರಯೋಗದಲ್ಲಿ ಹಿಂದಿನ ಫಲಿತ ಲೆಕ್ಕಕ್ಕೆ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಏಳನೆಯ ತರಗತಿಯಲ್ಲೇ ಕೇಳಲು ಭದ್ರೆಯ ದಡದ ಶಾಲೆಗಳಿಗಿಂತ ಒಳ್ಳೆಯ ಜಾಗ ಯಾವುದಿದೆ? ಇನ್ನೊಂದು ಉದಾಹರಣೆ ಕಾರ್ಖಾನೆಯದು: ಭದ್ರಾವತಿಯ ಮಕ್ಕಳ ಮನೆಗಳಲ್ಲಿ ಕಾಗದದ ಕಾರ್ಖಾನೆಯಲ್ಲಿ ದುಡಿದ ಹಿರಿಯರಿರುತ್ತಾರೆ. ಹಾಳೆಯ ಗಟ್ಟಿತನ ತಿಳಿಯಬೇಕಾದರೆ ಹಾಳೆಯನ್ನು ಹರಿದೇ ನೋಡಬೇಕು. ಎಲ್ಲವನ್ನೂ ಹರಿದರೆ ಮಾರಲು ಉಳಿಯುವುದೇನು? ಕೆಲವನ್ನು ಹರಿದು ಉಳಿದವುಗಳ ಬಗ್ಗೆ ಹೇಳುವುದು ಅಲ್ಲಿನ ನಿತ್ಯದ ಕೆಲಸವಾಗಿತ್ತು. ಅಜ್ಜನನ್ನು ಕೇಳಿಕೊಂಡು ಬಾ ಎಂದು ಮನೆಗೆಲಸ ಕೊಡಬಹುದು. ಹೀಗೆ ಕೆಲವನ್ನು ನೋಡಿ ಎಲ್ಲದರ ಬಗ್ಗೆ ಹೇಳುವ ಶಾಸ್ತ್ರಕ್ಕೆ ಜಗತ್ತಿನಲ್ಲೇ ದೊಡ್ಡ ಹೆಸರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಈ ಎಲ್ಲ ಹೊರೆಯನ್ನು ಹಿರಿಯ ಪ್ರಾಥಮಿಕ ತರಗತಿಗಳ ಮೇಲೆ ಏಕೆ ಹಾಕುತ್ತಿದ್ದೇನೆ ಎಂದು ಕೇಳಬಹುದು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಭಾರ ಇಳಿಸುವಾಗ ಒಂಬತ್ತನೆಯ ತರಗತಿಯ ಸಂಭವನೀಯತೆಯ ಅಧ್ಯಾಯವನ್ನು ಪೂರ್ತಿ ಕೈಬಿಟ್ಟಿತು. ಆ ಅಧ್ಯಾಯ ಎಸೆದು, ಎಣಿಸಿ, ಭಾಗಿಸಿ ನೋಡುವ ಪ್ರಾಯೋಗಿಕ ಸಂಭವನೀಯತೆಗೇ ಮೀಸಲಾಗಿತ್ತು. ಹತ್ತನೆಯ ತರಗತಿಯ ಸೈದ್ಧಾಂತಿಕ ಅಧ್ಯಾಯ ಉಳಿಯಿತು. ಮೆಟ್ಟಿಲು ತೆಗೆದು ಅಟ್ಟ ಉಳಿಸಿಕೊಂಡಂತಾಯಿತು. ಈ ನಿರ್ಧಾರ ತಪ್ಪೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮುಂದಿನ ತರಗತಿಗಳ ಪಠ್ಯ ಹೇಗೇ ಬದಲಾಗಲಿ, ಮಗು ತನ್ನ ಕೈಯಿಂದ ಎಸೆದು ಎಣಿಸುವ ಅವಕಾಶವನ್ನು ಆರರಿಂದ ಎಂಟನೆಯ ತರಗತಿಯ ಒಳಗೇ ಒದಗಿಸಬೇಕು.

ಸಮಯದ ಮಾತಿಗೆ ಬರುತ್ತೇನೆ. ನಾಲ್ಕು ಪೀರಿಯಡ್ಡು ಸಾಕು, ವರ್ಷದ ಕೊನೆಯಲ್ಲಿ ಬೇಡ, ಶೇಕಡಾ ಪಾಠದ ಬೆನ್ನಿಗೇ ಇರಲಿ. ಮೂವತ್ತು ಮಕ್ಕಳು ಐವತ್ತೈವತ್ತು ಸಲ ಒಂದು ಕವಡೆ ಎಸೆದರೆ ಒಂದೇ ಪೀರಿಯಡ್ಡಿನಲ್ಲಿ 1500 ಎಸೆತ. ಏಳು ವರ್ಷ ಅದೇ ಕವಡೆಗಳನ್ನು ಜೋಪಾನವಾಗಿಟ್ಟುಕೊಂಡು ಪ್ರತಿ ವರ್ಷದ ಏಳನೆಯ ತರಗತಿಯೂ ತನ್ನ ಎಣಿಕೆಯನ್ನು ಒಂದೇ ರಿಜಿಸ್ಟರಿಗೆ ಸೇರಿಸುತ್ತ ಹೋದರೆ ಕೆರಿಚ್ ಅವರ ಹತ್ತು ಸಾವಿರವನ್ನು ಒಂದು ಹಳ್ಳಿಯ ಶಾಲೆ ದಾಟುತ್ತದೆ. ಅಂಗಾತ ಬೀಳುವ ಪ್ರಮಾಣ ಒಂದೊಂದು ಕವಡೆಗೂ ಬೇರೆ, ಕೈಯಲ್ಲಿ ಕುಲುಕಿ ಚೆಲ್ಲುವುದಕ್ಕೂ ಲೋಟದಿಂದ ಸುರಿಯುವುದಕ್ಕೂ ಬೇರೆ ಇರಬಹುದು. ಆದ್ದರಿಂದ ಕವಡೆಗೆ ಬಣ್ಣದ ಚುಕ್ಕಿಯಿಟ್ಟು ಗುರುತು ಮಾಡಿ, ಎಸೆಯುವ ಕ್ರಮವನ್ನು ಮೊದಲ ಪುಟದಲ್ಲೇ ಬರೆದಿಡಿ. ಎಸೆದವರ ಹೆಸರು, ತಾರೀಕು ಇರಲಿ. ನಿರೀಕ್ಷೆಗೆ ಹೊಂದದ ಎಣಿಕೆಯನ್ನು ಯಾವ ಕಾರಣಕ್ಕೂ ಹೊಡೆದುಹಾಕಬೇಡಿ. ಈ ವಿಶ್ವವಿದ್ಯಾಲಯದ ಗಣಿತ ಮತ್ತು ಶಿಕ್ಷಣ ವಿಭಾಗಗಳವರಲ್ಲಿ ನನ್ನದೊಂದು ಕೋರಿಕೆ: ಸುತ್ತಲಿನ ಶಾಲೆಗಳಿಂದ ಈ ರಿಜಿಸ್ಟರುಗಳನ್ನು ವರ್ಷಕ್ಕೊಮ್ಮೆ ತರಿಸಿಕೊಂಡು ಒಟ್ಟುಗೂಡಿಸಿ, ಫಲಿತವನ್ನು ಅದೇ ಶಾಲೆಗಳಿಗೆ ಕನ್ನಡದಲ್ಲಿ ಬರೆದು ಕಳಿಸಿ. ಬರುವ ಜೂನ್‌ನಿಂದ ಇದನ್ನು ಶುರುಮಾಡಲು ಬೇಕಾದ ಸಾಮಗ್ರಿ ಎಂದರೆ ಪ್ರತಿ ಶಾಲೆಗೆ ಮೂವತ್ತು ನಲವತ್ತು ಕವಡೆ ಮತ್ತು ಒಂದು ಗೆರೆ ಹಾಕಿದ ಪುಸ್ತಕ.